ಯಾವ ಚಿಕಿತ್ಸೆಗೆ ಎಷ್ಟು ಬೆಲೆ ಸರಿ? ಸಲಹೆಯ ಹಂತದಲ್ಲೇ ನಿಂತಿರುವ ಭಾರತದ ಲೆಕ್ಕಾಚಾರ

ಬೆನ್ನುಹುರಿಯ ನರಕೋಶಗಳು ನಶಿಸುತ್ತ, ಮಗುವಿನ ಸ್ನಾಯುಗಳು ಒಂದೊಂದಾಗಿ ಶಕ್ತಿ ಕಳೆದುಕೊಳ್ಳುವ ಕಾಯಿಲೆ ಎಸ್‌ಎಂಎ. ಅದಕ್ಕೆ ಇರುವ ಕೆಲವೇ ಔಷಧಗಳಲ್ಲಿ ರಿಸ್ಡಿಪ್ಲಾಂ ಒಂದು. ದಿನಕ್ಕೊಮ್ಮೆ ಬಾಯಿಗೆ ಹಾಕುವ ದ್ರವ ಅದು. ಸ್ವಿಟ್ಜರ್ಲೆಂಡಿನ ರೋಶ್ ಕಂಪನಿಯ ಈ ಔಷಧದ ಪಟ್ಟಿ ಬೆಲೆ ಭಾರತದಲ್ಲಿ ಬಾಟಲಿಗೆ ಸುಮಾರು 6 ಲಕ್ಷ ರೂಪಾಯಿ ಇತ್ತು. 2025ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠ, ಹೈದರಾಬಾದಿನ ನ್ಯಾಟ್ಕೊ ಕಂಪನಿ ತಯಾರಿಸಿದ ಜೆನೆರಿಕ್ ಔಷಧಕ್ಕೆ ತಡೆ ನೀಡಲು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲಿಲ್ಲ. ಅದೇ ಔಷಧ 15,900 ರೂಪಾಯಿಗೆ ಮಾರುಕಟ್ಟೆಗೆ ಬಂತು.

ಈ ಎರಡು ಬೆಲೆಗಳ ಲೆಕ್ಕ ಸ್ವಲ್ಪ ಬಿಡಿಸಿ ನೋಡಬೇಕು. 20 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಕದ ರೋಗಿಗೆ ದಿನಕ್ಕೆ 5 ಮಿಲಿಗ್ರಾಂ ಬೇಕು. ಒಂದು ಬಾಟಲಿಯಲ್ಲಿರುವುದು 60 ಮಿಲಿಗ್ರಾಂ. ಅಂದರೆ ಹನ್ನೆರಡು ದಿನಕ್ಕೊಂದು ಬಾಟಲಿ, ವರ್ಷಕ್ಕೆ ಮೂವತ್ತು. ಹಳೆಯ ಪಟ್ಟಿ ಬೆಲೆಯಲ್ಲಿ ವರ್ಷದ ವೆಚ್ಚ ಸುಮಾರು 1.8 ಕೋಟಿ ರೂಪಾಯಿ. ಹೊಸ ಬೆಲೆಯಲ್ಲಿ 4.8 ಲಕ್ಷದ ಆಸುಪಾಸು. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಕೇಂದ್ರ ಸರ್ಕಾರ ಒಬ್ಬ ರೋಗಿಗೆ ನೀಡುವ ಗರಿಷ್ಠ ನೆರವು 50 ಲಕ್ಷ. ಹಳೆಯ ಪಟ್ಟಿ ಬೆಲೆಗೆ ಈ ಹಣ ಮೂರು ತಿಂಗಳಿಗೆ ಖಾಲಿ. ಹೊಸ ಬೆಲೆಗೆ ಹತ್ತು ವರ್ಷ ಬರುತ್ತದೆ.

ಬೆಲೆ ಇಳಿದದ್ದು ಒಳ್ಳೆಯ ಸುದ್ದಿಯೇ. ಆದರೆ ಅದನ್ನು ಇಳಿಸಿದ್ದು ಪೇಟೆಂಟ್ ವ್ಯಾಜ್ಯ. ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಪೇಟೆಂಟ್ ಊರ್ಜಿತವೇ ಎಂಬುದು. ಈ ಔಷಧದಿಂದ ರೋಗಿಗೆ ಎಷ್ಟು ಪ್ರಯೋಜನ, ಅದಕ್ಕೆ ಸಾರ್ವಜನಿಕ ಹಣದಿಂದ ಎಷ್ಟು ಕೊಡುವುದು ಸರಿ ಎಂಬುದಲ್ಲ. ಆ ಎರಡನೇ ಪ್ರಶ್ನೆ ಕೇಳುವುದಕ್ಕೆಂದೇ ಭಾರತದಲ್ಲಿ ಒಂದು ವ್ಯವಸ್ಥೆ 2017ರಿಂದ ಇದೆ. ಅದರ ಹೆಸರು ಎಚ್‌ಟಿಎ-ಇನ್. ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನ ಅದರ ಕೆಲಸ. ಹೆಚ್ಚಿನವರು ಅದರ ಹೆಸರನ್ನೇ ಕೇಳಿಲ್ಲ ಎಂಬುದರಲ್ಲೇ ಸಮಸ್ಯೆಯ ಅರ್ಧ ಇದೆ.

ಲೆಕ್ಕ ಹಾಕುವುದು ಹೇಗೆ?

‘ತಂತ್ರಜ್ಞಾನ’ ಎಂದೊಡನೆ ರೋಬೊ, ಸ್ಕ್ಯಾನರ್ ನೆನಪಾಗುವುದು ಸಹಜ. ಇಲ್ಲಿ ಆ ಪದದ ಅರ್ಥ ಇನ್ನೂ ವಿಶಾಲ. ಮಾತ್ರೆ, ಲಸಿಕೆ, ಸಿರಿಂಜು, ಶಸ್ತ್ರಚಿಕಿತ್ಸೆಯ ವಿಧಾನ, ತಪಾಸಣಾ ಶಿಬಿರ, ಆಂಬುಲೆನ್ಸ್ ವ್ಯವಸ್ಥೆ ಎಲ್ಲವೂ ಅದರಲ್ಲಿ ಸೇರುತ್ತವೆ. ಹೊಸದೊಂದು ಬಂದಾಗ ಅದು ಸುರಕ್ಷಿತವೇ, ಕೆಲಸ ಮಾಡುತ್ತದೆಯೇ ಎಂದು ನೋಡುವುದು ಔಷಧ ನಿಯಂತ್ರಕರ ಜವಾಬ್ದಾರಿ. ಮೌಲ್ಯಮಾಪನ ಶುರುವಾಗುವುದು ಅದರ ನಂತರ. ಈಗ ಬಳಕೆಯಲ್ಲಿರುವ ಚಿಕಿತ್ಸೆಗಿಂತ ಇದು ಎಷ್ಟು ಮೇಲು, ಎಷ್ಟು ಹೆಚ್ಚು ಖರ್ಚು, ಅದೇ ಹಣವನ್ನು ಬೇರೆಡೆ ಹಾಕಿದರೆ ಎಷ್ಟು ಜನರಿಗೆ ಎಷ್ಟು ಉಪಯೋಗವಾಗುತ್ತಿತ್ತು ಎಂಬುದನ್ನು ಅದು ಕೇಳುತ್ತದೆ.

ಇದಕ್ಕೆ ಬಳಸುವ ಅಳತೆಗೋಲು ‘ಕ್ವಾಲಿ’. ಪೂರ್ಣ ಆರೋಗ್ಯದಿಂದ ಕಳೆದ ಒಂದು ವರ್ಷಕ್ಕೆ 1 ಅಂಕ. ನೋವು, ಅಂಗವೈಕಲ್ಯ, ಪರಾವಲಂಬನೆಯಲ್ಲಿ ಕಳೆದ ವರ್ಷಕ್ಕೆ ಅದಕ್ಕಿಂತ ಕಡಿಮೆ. ಹೊಸ ಔಷಧ ರೋಗಿಯ ಬದುಕಿಗೆ ಅರ್ಧ ಅಂಕ ಸೇರಿಸಿ, ಅದಕ್ಕೆ 2 ಲಕ್ಷ ರೂಪಾಯಿ ಹೆಚ್ಚುವರಿ ಖರ್ಚಾದರೆ, ಒಂದು ಕ್ವಾಲಿಗೆ 4 ಲಕ್ಷ ಕೊಟ್ಟಂತಾಯಿತು. ಮನುಷ್ಯನ ಜೀವಕ್ಕೆ ಬೆಲೆ ಕಟ್ಟುತ್ತಾರಲ್ಲ ಎಂದು ಇಲ್ಲಿಗೇ ಕೆಲವರು ಮುಖ ತಿರುಗಿಸುತ್ತಾರೆ. ಆದರೆ ಜೀವಕ್ಕೆ ಬೆಲೆ ಕಟ್ಟುವ ಕೆಲಸ ಈಗಾಗಲೇ ನಡೆಯುತ್ತಿದೆ, ಲೆಕ್ಕವಿಲ್ಲದೆ. ಅಪರೂಪದ ಕಾಯಿಲೆಗೆ 50 ಲಕ್ಷ, ಆಯುಷ್ಮಾನ್ ಭಾರತ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಎಂಬ ಮಿತಿಗಳು ಬೆಲೆ ಕಟ್ಟುವುದಲ್ಲದೆ ಮತ್ತೇನು? ಅಪರೂಪದ ಕಾಯಿಲೆಯ ನೆರವು ಮೊದಲು 20 ಲಕ್ಷ ಇತ್ತು, 2022ರಲ್ಲಿ 50 ಲಕ್ಷವಾಯಿತು. ಎರಡೂ ಗುಂಡು ಸಂಖ್ಯೆಗಳು. ಯಾವ ರೋಗಕ್ಕೆ ಎಷ್ಟು ಕಾಲ ಚಿಕಿತ್ಸೆ ಬೇಕು ಎಂಬುದಕ್ಕೂ ಅವಕ್ಕೂ ಸಂಬಂಧವಿಲ್ಲ. ಜಿಲ್ಲಾಸ್ಪತ್ರೆಯ ಔಷಧ ಕೌಂಟರ್‌ನಲ್ಲಿ ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎಂದು ಚೀಟಿ ವಾಪಸ್ ಕೊಡುವುದೂ ಒಂದು ನಿರಾಕರಣೆಯೇ. ಅದರ ಹಿಂದೆ ಕಾರಣ ಬರೆದಿಟ್ಟ ಕಡತ ಇರುವುದಿಲ್ಲ, ಮೇಲ್ಮನವಿಗೆ ದಾರಿಯೂ ಇರುವುದಿಲ್ಲ.

ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿನಿಂದ ಭರಿಸುವ ಪಾಲು 2013–14ರಲ್ಲಿ ಶೇ 64ರಷ್ಟಿತ್ತು. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದಂತೆ ಅದು ಶೇ 39.4ಕ್ಕೆ ಇಳಿದಿದೆ. ಸರ್ಕಾರವೇ ಖರೀದಿದಾರನಾಗುತ್ತ ಹೋದಂತೆ ಏನನ್ನು, ಯಾವ ದರಕ್ಕೆ ಖರೀದಿಸಬೇಕು ಎಂಬ ಪ್ರಶ್ನೆ ದೊಡ್ಡದಾಗುತ್ತದೆ. ಹಿಂದೆ ಅದು ರೋಗಿಯ ಮನೆಯ ಚಿಂತೆಯಾಗಿತ್ತು. ಈಗ ಖಜಾನೆಯ ಚಿಂತೆಯೂ ಹೌದು.

ಭಾರತದಲ್ಲಿ ಆದದ್ದೇನು?

ಬ್ರಿಟನ್ 1999ರಲ್ಲಿ ನೈಸ್ ಎಂಬ ಸಂಸ್ಥೆ ಕಟ್ಟಿತು. ಥಾಯ್ಲೆಂಡ್ ಎಲ್ಲರಿಗೂ ಆರೋಗ್ಯ ರಕ್ಷಣೆ ಯೋಜನೆಯನ್ನು 2002ರಲ್ಲಿ ಜಾರಿಗೊಳಿಸಿ, 2007ರಲ್ಲಿ ಹೈಟ್ಯಾಪ್ ಸಂಸ್ಥೆಯನ್ನು ಆರಂಭಿಸಿತು. ಭಾರತ ತಡವಾಗಿಯಾದರೂ ಇದೇ ಹಾದಿ ಹಿಡಿಯಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಎಚ್‌ಟಿಎ ಪ್ರಸ್ತಾಪವಾಯಿತು. ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಡಿ ಎಚ್‌ಟಿಎ-ಇನ್ ರೂಪುಗೊಂಡಿತು. ದೆಹಲಿಯಲ್ಲಿ ಸಚಿವಾಲಯ, ತಜ್ಞರ ತಾಂತ್ರಿಕ ಸಮಿತಿ, ಅದರ ಮೇಲೊಂದು ಮಂಡಳಿ. ಅಧ್ಯಯನ ನಡೆಸಲು ಚಂಡೀಗಢದ ಪಿಜಿಐ, ತಿರುವನಂತಪುರದ ಶ್ರೀಚಿತ್ರಾ, ಚೆನ್ನೈನ ಕ್ಷಯರೋಗ ಸಂಶೋಧನಾ ಸಂಸ್ಥೆ, ಮುಂಬೈನ ಪರೇಲ್‌ನಲ್ಲಿರುವ ಸಂತಾನೋತ್ಪತ್ತಿ ಆರೋಗ್ಯ ಸಂಶೋಧನಾ ಸಂಸ್ಥೆಯಂಥ ಸರ್ಕಾರಿ ಕೇಂದ್ರಗಳು.

ಮೊದಮೊದಲ ವಿಷಯಗಳ ಆಯ್ಕೆ ಚೆನ್ನಾಗಿತ್ತು. ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯಲ್ಲಿ ಯಾವ ಲೆನ್ಸ್ ಹಾಕಬೇಕು ಎಂಬುದು ಅದರಲ್ಲೊಂದು. ಮಡಚುವ ಲೆನ್ಸ್‌ಗೂ ಸಾಮಾನ್ಯ ಗಟ್ಟಿ ಲೆನ್ಸ್‌ಗೂ ಬೆಲೆಯಲ್ಲಿ ಬಹಳ ಅಂತರ. ಸಣ್ಣ ಛೇದನದ ಶಸ್ತ್ರಚಿಕಿತ್ಸೆ ಮಾಡಿ ಗಟ್ಟಿ ಲೆನ್ಸ್ ಹಾಕುವುದೇ ಸಾರ್ವಜನಿಕ ಯೋಜನೆಗೆ ಹೆಚ್ಚು ಸೂಕ್ತ ಎಂಬುದು ಅಧ್ಯಯನದ ತೀರ್ಮಾನ. ಮಧುರೈನ ಅರವಿಂದ ಕಣ್ಣಾಸ್ಪತ್ರೆಯ ಬಳಗ 1992ರಲ್ಲಿ ಆರೊಲ್ಯಾಬ್ ಕಟ್ಟಿ ಅಗ್ಗದ ಲೆನ್ಸ್ ತಯಾರಿಸಲು ಹೊರಟಾಗ ನಂಬಿದ್ದೂ ಇದನ್ನೇ. ಆ ಅನುಭವಕ್ಕೆ ಈಗ ಲೆಕ್ಕದ ಆಧಾರ ಸಿಕ್ಕಿತು.

ಇನ್ನೊಂದು, ಸಿರಿಂಜು. ಒಮ್ಮೆ ಬಳಸಿದ ಮೇಲೆ ತಾನಾಗಿಯೇ ಲಾಕ್ ಆಗುವ ಸಿರಿಂಜನ್ನು ಎಲ್ಲ ಚುಚ್ಚುಮದ್ದಿಗೂ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತ್ತು. ಚಂಡೀಗಢದ ತಂಡ ಎರಡು ಬಗೆಯ ಸುರಕ್ಷತೆಯನ್ನು ಬೇರ್ಪಡಿಸಿ ನೋಡಿತು. ಮರುಬಳಕೆ ತಡೆಯುವ ಸಿರಿಂಜಿನಿಂದ ಹೆಪಟೈಟಿಸ್, ಎಚ್‌ಐವಿ ಸೋಂಕು ತಪ್ಪುವುದರಿಂದ ಅದಕ್ಕೆ ಹಾಕಿದ ಹಣ ಸಾರ್ಥಕ. ನರ್ಸ್‌ಗಳ ಕೈಗೆ ಸೂಜಿ ಚುಚ್ಚದಂತೆ ಕವಚವಿರುವ ಸಿರಿಂಜು ಆಗಿನ ಬೆಲೆಗೆ ಹೊಂದುವುದಿಲ್ಲ, ಬೆಲೆ ಇಳಿಯಬೇಕು. ಎರಡನ್ನೂ ‘ಸುರಕ್ಷಿತ ಸಿರಿಂಜು’ ಎಂಬ ಒಂದೇ ಹೆಸರಿನಲ್ಲಿ ಟೆಂಡರ್ ಕರೆದಿದ್ದರೆ ಈ ವ್ಯತ್ಯಾಸ ಯಾರಿಗೂ ಕಾಣುತ್ತಿರಲಿಲ್ಲ. ನರ್ಸ್‌ಗಳ ಸಂಘಟನೆಗಳಿಗೆ ಈ ಎರಡನೇ ತೀರ್ಮಾನ ರುಚಿಸಬೇಕಾಗಿಲ್ಲ ಎಂಬುದೂ ನಿಜ. ಲೆಕ್ಕವನ್ನು ಬಹಿರಂಗವಾಗಿ ಇಟ್ಟರೆ ಅವರು ಅದನ್ನು ಪ್ರಶ್ನಿಸಬಹುದು. ಅಷ್ಟಾದರೂ ಸಾಧ್ಯವಾಗಬೇಕು.

‘ಬೇಡ’ ಅಲ್ಲ, ‘ಈ ಬೆಲೆಗೆ ಬೇಡ’

ಮೌಲ್ಯಮಾಪನ ಎಂದರೆ ದುಬಾರಿ ಔಷಧಕ್ಕೆ ಬಾಗಿಲು ಹಾಕುವ ತಂತ್ರ ಎಂಬ ಭಾವನೆ ವ್ಯಾಪಕವಾಗಿದೆ. ಇದನ್ನು ತಿದ್ದಲು ಸ್ತನ ಕ್ಯಾನ್ಸರ್‌ನ ಟ್ರಾಸ್ಟುಜುಮ್ಯಾಬ್ ಕಥೆ ಸಾಕು.

ಹರ್2 ಪ್ರೊಟೀನ್ ಅಧಿಕವಾಗಿರುವ ಸ್ತನ ಕ್ಯಾನ್ಸರ್‌ನಲ್ಲಿ ಇದು ಜೀವ ಉಳಿಸುವ ಔಷಧ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಇದರ ಬಯೋಸಿಮಿಲರ್ ತಂದಿತು. ಆಮೇಲೆ ಇತರ ಕಂಪನಿಗಳೂ ಬಂದವು, ಬೆಲೆ ಇಳಿಯುತ್ತ ಹೋಯಿತು. ರೂಢಿಯ ಚಿಕಿತ್ಸೆ ಒಂದು ವರ್ಷದ್ದು. ಚಂಡೀಗಢದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆಗಿನ ಬೆಲೆಗೆ ವರ್ಷವಿಡೀ ಕೊಡುವುದು ಭಾರತದ ಮಟ್ಟಿಗೆ ವೆಚ್ಚಕ್ಕೆ ತಕ್ಕ ಪ್ರಯೋಜನ ನೀಡುವುದಿಲ್ಲ. ಒಂಬತ್ತು ವಾರಗಳ ಕಿರು ಅವಧಿಯ ಚಿಕಿತ್ಸೆ ನೀಡುತ್ತದೆ. ಬೆಲೆ ಇನ್ನಷ್ಟು ಇಳಿದರೆ ವರ್ಷದ ಚಿಕಿತ್ಸೆಯೂ ಲೆಕ್ಕಕ್ಕೆ ಹೊಂದುತ್ತದೆ.

ಇಲ್ಲಿ ‘ಬೇಡ’ ಎಂಬ ಪದವೇ ಇಲ್ಲ ಎಂಬುದನ್ನು ಗಮನಿಸಬೇಕು. ಖರೀದಿ ಅಧಿಕಾರಿಯ ಕೈಗೆ ಸಿಕ್ಕಿದ್ದು ಎರಡು ಆಯುಧಗಳು. ಕಂಪನಿಯ ಎದುರು ಕೂತು, ಇಷ್ಟು ಇಳಿಸಿದರೆ ವರ್ಷದ ಕೋರ್ಸನ್ನು ಯೋಜನೆಗೆ ಸೇರಿಸುತ್ತೇವೆ ಎನ್ನಬಹುದು. ಅದು ಆಗುವವರೆಗೆ, ಏನೂ ಸಿಗದ ಮಹಿಳೆಗೆ ಒಂಬತ್ತು ವಾರದ ಚಿಕಿತ್ಸೆಯನ್ನಾದರೂ ಕೊಡಬಹುದು. ವೈದ್ಯಕೀಯವಾಗಿ ವರ್ಷದ ಕೋರ್ಸೇ ತುಸು ಮೇಲು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಪೂರ್ತಿ ಕೋರ್ಸಿನ ಹಣ ಹೊಂದಿಸಲಾಗದೆ ನಡುವೆಯೇ ಚಿಕಿತ್ಸೆ ಬಿಡುವವಳಿಗೆ ಆ ‘ತುಸು ಮೇಲು’ ಎಂಬುದರಿಂದ ಸಿಗುವುದು ಏನೂ ಇಲ್ಲ.

ಔಷಧದ ಪ್ರಮಾಣವನ್ನೂ ಹೀಗೆಯೇ ಪ್ರಶ್ನಿಸಬಹುದು ಎಂದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ತೋರಿಸಿದ್ದಾರೆ. ತಲೆ ಮತ್ತು ಕತ್ತಿನ ಕ್ಯಾನ್ಸರ್ ಮುಂದುವರಿದ ಹಂತದಲ್ಲಿದ್ದ ರೋಗಿಗಳಿಗೆ ಅಗ್ಗದ ಮಾತ್ರೆಗಳ ಜೊತೆ ನಿವೊಲುಮ್ಯಾಬ್ ಎಂಬ ದುಬಾರಿ ಇಮ್ಯುನೊಥೆರಪಿ ಔಷಧವನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಇದು ರೂಢಿಯ ಪ್ರಮಾಣದ ಹತ್ತನೇ ಒಂದಕ್ಕಿಂತಲೂ ಕಡಿಮೆ. ಮಾತ್ರೆ ಮಾತ್ರ ಪಡೆದವರಲ್ಲಿ ವರ್ಷದ ನಂತರ ಬದುಕಿದ್ದವರು ಶೇ 16.3, ಇದನ್ನೂ ಪಡೆದವರಲ್ಲಿ ಶೇ 43.4. ಹೊಗೆಸೊಪ್ಪು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ತುಂಬಿರುವ ಈ ದೇಶಕ್ಕೆ ಇದಕ್ಕಿಂತ ಹತ್ತಿರದ ಸಂಶೋಧನೆ ಬೇರೊಂದಿರಲಾರದು. ಕಡಿಮೆ ಪ್ರಮಾಣ ಸಾಕೇ ಎಂದು ಪರೀಕ್ಷಿಸಲು ಔಷಧ ಕಂಪನಿಗಳು ಹಣ ಹಾಕುವುದಿಲ್ಲ. ಅದು ಸಾರ್ವಜನಿಕ ಸಂಸ್ಥೆಗಳೇ ಮಾಡಬೇಕಾದ ಕೆಲಸ.

ಅದೇ ಟಾಟಾ ಆಸ್ಪತ್ರೆ ಮುನ್ನಡೆಸುವ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಇನ್ನೊಂದು ಪ್ರಯೋಗ ಮಾಡಿತು. 23 ಆಸ್ಪತ್ರೆಗಳು ಒಟ್ಟಾಗಿ 40 ಔಷಧಗಳಿಗೆ ಒಂದೇ ಚೌಕಾಸಿ ನಡೆಸಿದವು. ಉಳಿತಾಯ 1,320 ಕೋಟಿ ರೂಪಾಯಿ. ಕೆಲವು ಔಷಧಗಳಲ್ಲಿ ಇಳಿಕೆ ಶೇ 23, ಕೆಲವದರಲ್ಲಿ ಶೇ 99! ಮೊದಲು ಒಂದೊಂದು ಆಸ್ಪತ್ರೆ ಪ್ರತ್ಯೇಕವಾಗಿ ಕೊಡುತ್ತಿದ್ದ ಬೆಲೆಗೆ ಅರ್ಥವೇ ಇರಲಿಲ್ಲ ಎಂದಾಯಿತು. ಈ ಒಟ್ಟು ಖರೀದಿಯ ಬಲದ ಜೊತೆಗೆ ‘ಈ ಔಷಧದ ನ್ಯಾಯವಾದ ಬೆಲೆ ಇಷ್ಟು’ ಎಂಬ ಲೆಕ್ಕವೂ ಕೈಯಲ್ಲಿದ್ದರೆ ಚೌಕಾಸಿ ಎಲ್ಲಿಗೆ ಮುಟ್ಟಬಹುದು?

ಸರ್ಕಾರದ ಬೆಲೆ ನಿಯಂತ್ರಣಕ್ಕೆ ಸದ್ಯ ಇಂಥ ಲೆಕ್ಕದ ಸಂಪರ್ಕವಿಲ್ಲ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ, ಅಗತ್ಯ ಔಷಧಗಳ ಗರಿಷ್ಠ ಬೆಲೆ ನಿಗದಿಯಾಗುವುದು ಮಾರುಕಟ್ಟೆಯಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲಿರುವ ಬ್ರ್ಯಾಂಡ್‌ಗಳ ಸರಾಸರಿ ಬೆಲೆಯಿಂದ. ಎಲ್ಲರೂ ದುಬಾರಿಯಾಗಿ ಮಾರುತ್ತಿದ್ದರೆ ಸರಾಸರಿಯೂ ದುಬಾರಿ. 2017ರ ಫೆಬ್ರುವರಿಯಲ್ಲಿ ಹೃದಯದ ಸ್ಟೆಂಟ್‌ಗೆ 29,600 ರೂಪಾಯಿಯ ಮಿತಿ ಹಾಕಿದ್ದು ವಿಶೇಷ ಅಧಿಕಾರ ಬಳಸಿ. ಅದು ದಿಟ್ಟ ಕ್ರಮ. 2024ರ ಬಜೆಟ್‌ನಲ್ಲಿ ಮೂರು ಕ್ಯಾನ್ಸರ್ ಔಷಧಗಳಿಗೆ ಆಮದು ಸುಂಕ ಮನ್ನಾ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ 33 ಔಷಧಗಳ ಜಿಎಸ್‌ಟಿ ಸೊನ್ನೆಯಾಯಿತು. ಒಳ್ಳೆಯದೇ. ಆದರೆ ತಿಂಗಳಿಗೆ ಲಕ್ಷಗಟ್ಟಲೆ ಬೀಳುವ ಔಷಧದ ಮೇಲೆ ಶೇ 10ರ ಆಸುಪಾಸಿನ ತೆರಿಗೆ ಬಿಟ್ಟರೆ ಅದು ಕೊಳ್ಳಲು ಆಗದವನಿಗೆ ಕೊಳ್ಳುವಂತಾಗುವುದಿಲ್ಲ. ಖಜಾನೆ ಬಿಟ್ಟುಕೊಟ್ಟ ಆ ಹಣಕ್ಕೆ ಪ್ರತಿಯಾಗಿ ಕಂಪನಿಯಿಂದ ಏನನ್ನೂ ಕೇಳಿದಂತೆ ಕಾಣಲಿಲ್ಲ.

ಹಲ್ಲಿಲ್ಲದ ಸಲಹೆ

ಬ್ರಿಟನ್‌ನಲ್ಲಿ ನೈಸ್ ಒಂದು ಔಷಧವನ್ನು ಒಪ್ಪಿದರೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆ ಅದಕ್ಕೆ ಹಣ ಕೊಡಲೇಬೇಕು. ಥಾಯ್ಲೆಂಡ್‌ನಲ್ಲಿ ಅಗತ್ಯ ಔಷಧಗಳ ಪಟ್ಟಿಗೂ ಮೌಲ್ಯಮಾಪನಕ್ಕೂ ನೇರ ಕೊಂಡಿ ಇದೆ; ಗರ್ಭಕಂಠ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಮಾರುಕಟ್ಟೆ ಬೆಲೆಗೆ ಹೊಂದುವುದಿಲ್ಲ ಎಂದು ಹೈಟ್ಯಾಪ್ ಲೆಕ್ಕ ತೋರಿಸಿತು, ಬೆಲೆ ಇಳಿದ ಮೇಲೆ 2017ರಲ್ಲಿ ಲಸಿಕೆ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿತು. ಭಾರತದಲ್ಲಿ ಎಚ್‌ಟಿಎ-ಇನ್ ಕೊಡುವುದು ಶಿಫಾರಸು ಮಾತ್ರ. ಅದನ್ನು ಒಪ್ಪದಿದ್ದರೆ ಯಾರೂ ಕಾರಣ ಹೇಳಬೇಕಿಲ್ಲ. ಶಾಸನಬದ್ಧ ಮಂಡಳಿ ರಚಿಸುವ ಕರಡು ಮಸೂದೆ 2019ರಲ್ಲಿ ಸಿದ್ಧವಾಗಿತ್ತು. ಅದು ಕಾಯ್ದೆಯಾಗಲಿಲ್ಲ.

ಕೇಂದ್ರದ ಕಾಯ್ದೆಯೊಂದೇ ಸಾಲದು ಎಂಬುದೂ ಇದೆ. ಆರೋಗ್ಯ ರಾಜ್ಯಗಳ ವಿಷಯ. ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಔಷಧ ಕೊಳ್ಳುವುದು ಆಯಾ ರಾಜ್ಯದ ನಿಗಮಗಳು. ಅವುಗಳ ಟೆಂಡರ್ ಪದ್ಧತಿಯಲ್ಲಿ ‘ಅತಿ ಕಡಿಮೆ ದರ ಯಾರದು’ ಎಂಬ ಪ್ರಶ್ನೆಗೆ ಜಾಗವಿದೆ. ‘ಇದನ್ನೇ ಏಕೆ ಕೊಳ್ಳುತ್ತಿದ್ದೇವೆ’ ಎಂಬುದಕ್ಕೆ ಅಷ್ಟಾಗಿ ಇಲ್ಲ. ಯಂತ್ರ ಬಂದು, ನಡೆಸುವ ತಂತ್ರಜ್ಞರಿಲ್ಲದೆ ಪ್ಲಾಸ್ಟಿಕ್ ಹೊದಿಕೆಯಲ್ಲೇ ಉಳಿದ ಕಥೆಗಳು ಒಂದಲ್ಲ ಒಂದು ರಾಜ್ಯದ ಸಿಎಜಿ ವರದಿಯಲ್ಲಿ ಬರುತ್ತಲೇ ಇರುತ್ತವೆ.

ಒಂದು ಕಡೆ ಮಾತ್ರ ಕೊಂಡಿ ಸ್ವಲ್ಪ ಬಿಗಿಯಾಗಿದೆ. 2018ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಶುರುವಾದಾಗ ಯಾವ ಶಸ್ತ್ರಚಿಕಿತ್ಸೆಗೆ ಎಷ್ಟು ಕೊಡಬೇಕು ಎಂಬುದಕ್ಕೆ ಗಟ್ಟಿ ಆಧಾರ ಕಡಿಮೆಯಿತ್ತು. ಖಾಸಗಿ ಆಸ್ಪತ್ರೆಗಳು ದರ ಸಾಲದು ಎಂದು ದೂರುತ್ತಿದ್ದವು. ಆಸ್ಪತ್ರೆಗಳಲ್ಲಿ ಒಂದು ಚಿಕಿತ್ಸೆಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂದು ಅಳೆದ ರಾಷ್ಟ್ರೀಯ ಅಧ್ಯಯನವೊಂದು ಎಚ್‌ಟಿಎ ಬಳಗದಿಂದಲೇ ನಡೆಯಿತು. ಮುಂದಿನ ದರ ಪರಿಷ್ಕರಣೆಗಳಲ್ಲಿ ಆ ಅಂಕಿಅಂಶ ಬಳಕೆಯಾಯಿತು. ಯೋಜನೆ ನಡೆಸುವ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದೊಳಗೇ ಈ ಕೆಲಸಕ್ಕೆ ಒಂದು ಘಟಕವೂ ಬಂತು. ಹಣ ಕೊಡುವವನ ಪಕ್ಕದಲ್ಲೇ ಲೆಕ್ಕ ಹಾಕುವವನು ಕೂತಾಗ ವರದಿ ಕಪಾಟು ಸೇರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಗೆರೆ ಎಳೆಯುವವರು ಯಾರು?

ಒಂದು ಕ್ವಾಲಿಗೆ ಎಷ್ಟರವರೆಗೆ ಕೊಡಬಹುದು ಎಂಬ ಗೆರೆ ಎಲ್ಲಕ್ಕಿಂತ ಕಠಿಣ. ಭಾರತದ ಅಧ್ಯಯನಗಳು ಸಾಮಾನ್ಯವಾಗಿ ತಲಾ ಜಿಡಿಪಿಯನ್ನೇ ಗೆರೆಯಾಗಿ ಬಳಸುತ್ತವೆ. 2024–25ರ ಅಂದಾಜಿನಂತೆ ಅದು ಸುಮಾರು 2.3 ಲಕ್ಷ ರೂಪಾಯಿ. ತಲಾ ಜಿಡಿಪಿಯನ್ನು ಹೀಗೆ ಯಾಂತ್ರಿಕವಾಗಿ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೇ ನಂತರ ಎಚ್ಚರಿಸಿದರು. ಅದಕ್ಕೆ ಕಾರಣ ಸರಳ: ಗೆರೆ ಸರ್ಕಾರದ ಆರೋಗ್ಯ ಬಜೆಟ್ಟಿಗೆ ಹೊಂದಬೇಕು, ದೇಶದ ಆದಾಯಕ್ಕಲ್ಲ. ಭಾರತದಲ್ಲಿ ಸರ್ಕಾರದ ಆರೋಗ್ಯ ವೆಚ್ಚ 2021–22ರಲ್ಲಿ ಜಿಡಿಪಿಯ ಶೇ 1.84. 2025ರ ಹೊತ್ತಿಗೆ ಶೇ 2.5 ಎಂಬುದು 2017ರ ನೀತಿಯ ಗುರಿಯಾಗಿತ್ತು. ಖರ್ಚು ಮಾಡದ ಸರ್ಕಾರದ ಕೈಗೆ ‘ವೆಚ್ಚಕ್ಕೆ ತಕ್ಕ ಪ್ರಯೋಜನವಿಲ್ಲ’ ಎಂಬ ವಾಕ್ಯ ಸಿಕ್ಕರೆ ಅದು ಕೈ ತೊಳೆದುಕೊಳ್ಳುವ ನೆಪವಾದೀತು ಎಂಬ ರೋಗಿಗಳ ಭಯವನ್ನು ತಳ್ಳಿಹಾಕುವಂತಿಲ್ಲ.

ಗೆರೆಯನ್ನು ರಾಜಕೀಯ ಅಲುಗಿಸುತ್ತದೆ ಎಂಬುದಕ್ಕೆ ಬ್ರಿಟನ್ನೇ ಉದಾಹರಣೆ. ಬಹುಕಾಲ ಕ್ವಾಲಿಗೆ 20,000ದಿಂದ 30,000 ಪೌಂಡ್ ಆಗಿದ್ದ ಮಿತಿಯನ್ನು 25,000ದಿಂದ 35,000ಕ್ಕೆ ಏರಿಸಲು ಆ ದೇಶ 2025ರ ಡಿಸೆಂಬರ್‌ನಲ್ಲಿ ಒಪ್ಪಿತು. ಅದು ಅಮೆರಿಕದ ಜೊತೆಗಿನ ಔಷಧ ಒಪ್ಪಂದದ ಭಾಗ. ಅದಕ್ಕೂ ಮೊದಲು, ನೈಸ್ ಒಪ್ಪದ ಕ್ಯಾನ್ಸರ್ ಔಷಧಗಳಿಗೆಂದು ರಾಜಕಾರಣಿಗಳು ಪ್ರತ್ಯೇಕ ನಿಧಿ ತೆರೆದಿದ್ದರು. 2016ರವರೆಗೆ 127 ಕೋಟಿ ಪೌಂಡ್ ಖರ್ಚಾಯಿತು. ಅದರಲ್ಲಿ ಹೆಚ್ಚಿನ ಔಷಧಗಳಿಂದ ರೋಗಿಗಳಿಗೆ ಅರ್ಥಪೂರ್ಣ ಲಾಭವಾಗಲಿಲ್ಲ ಎಂದು ನಂತರದ ವಿಶ್ಲೇಷಣೆ ಕಂಡುಕೊಂಡಿತು.

ಹಾಗೆಂದು ಗೆರೆ ಕಲ್ಲಿನ ಮೇಲೆ ಕೊರೆದದ್ದೂ ಆಗಬೇಕಿಲ್ಲ. ಗೌಶರ್ ಎಂಬ ಅಪರೂಪದ ಕಾಯಿಲೆಯ ಔಷಧ ಥಾಯ್ಲೆಂಡ್‌ನ ಮಿತಿಯೊಳಗೆ ಬರುತ್ತಿರಲಿಲ್ಲ. ರೋಗಿಗಳ ಸಂಖ್ಯೆ ತೀರಾ ಕಡಿಮೆ, ಬೇರೆ ದಾರಿ ಇಲ್ಲ ಎಂಬ ಕಾರಣಕ್ಕೆ ಅದನ್ನು ಸೇರಿಸಿಕೊಂಡರು. ಲೆಕ್ಕ ‘ಇಲ್ಲ’ ಎಂದಾಗ ಸಮಾಜ ‘ಆದರೂ ಕೊಡೋಣ’ ಎನ್ನಬಹುದು. ಏಕೆ ಕೊಟ್ಟೆವು ಎಂದು ಬರೆದಿಟ್ಟರೆ ಸಾಕು. ರಿಸ್ಡಿಪ್ಲಾಂ ವಿಷಯದಲ್ಲಿ ಭಾರತ ಮಾಡಬೇಕಾದ ಚರ್ಚೆ ಇದು. 15,900ರ ಬೆಲೆಯಲ್ಲೂ ವರ್ಷಕ್ಕೆ 4.8 ಲಕ್ಷ ಬೇಕು. ಅದು ತಲಾ ಜಿಡಿಪಿಯ ಎರಡು ಪಟ್ಟು. ರೋಗಿಗಳೆಲ್ಲರಿಗೂ ಜೀವನಪೂರ್ತಿ ಕೊಡುವ ನಿರ್ಧಾರ ಮಾಡಿದರೆ ಸರ್ಕಾರವೇ ದೊಡ್ಡ ಖರೀದಿದಾರ, ಬೆಲೆ ಇನ್ನೂ ಇಳಿಯಬಹುದು. ಅಪರೂಪದ ಕಾಯಿಲೆಗಳ ಉತ್ಕೃಷ್ಟತಾ ಕೇಂದ್ರಗಳಲ್ಲಿ ಬೆಂಗಳೂರಿನದೂ ಒಂದು. ಯಾರಿಗೆ ಔಷಧ ಸಿಕ್ಕಿತು, ಎಷ್ಟು ದಿನ, ಅದರಿಂದ ಏನಾಯಿತು ಎಂಬ ದಾಖಲೆ ಇಂಥ ಕೇಂದ್ರಗಳಿಂದಲೇ ಬರಬೇಕು.

ತಾಲ್ಲೂಕು ಆಸ್ಪತ್ರೆಯ ಇಂಜೆಕ್ಷನ್

ಎಚ್‌ಟಿಎ ಕೋಟಿ ರೂಪಾಯಿಯ ಔಷಧಗಳಿಗೆ ಮಾತ್ರ ಎಂದುಕೊಂಡರೆ ಅದರ ನಿಜವಾದ ಉಪಯೋಗ ಕೈತಪ್ಪುತ್ತದೆ. ಕರ್ನಾಟಕ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆಯನ್ನೇ ನೋಡಬಹುದು. ಎದೆನೋವು ಎಂದು ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಇಸಿಜಿ ತೆಗೆದು, ದೂರದ ತಜ್ಞರ ಸಲಹೆ ಪಡೆದು, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಟ್ಟು, ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಯೋಜನೆಯ ಕ್ರಮ.

ಹೆಪ್ಪು ಕರಗಿಸುವ ಹಳೆಯ ಔಷಧ ಸ್ಟ್ರೆಪ್ಟೊಕೈನೇಸ್. ಅದರ ಬೆಲೆ ಬಹಳ ಕಡಿಮೆ. ಆದರೆ ಅದನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಡ್ರಿಪ್‌ನಲ್ಲಿ ಕೊಡಬೇಕು, ಬಿಪಿ ಕುಸಿಯದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಬೇಕು. ಟೆನೆಕ್ಟೆಪ್ಲೇಸ್ ಒಂದೇ ಸಲಕ್ಕೆ, ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ವೈದ್ಯರಿರುವ ಆಸ್ಪತ್ರೆಯಲ್ಲಿ ಈ ವ್ಯತ್ಯಾಸದ ಬೆಲೆ ಎಷ್ಟು? ಅದೇ ಇಂಜೆಕ್ಷನ್, ಜಯದೇವಕ್ಕೆ ಇಪ್ಪತ್ತೇ ನಿಮಿಷದ ದಾರಿ ಇರುವ ಕಡೆ ಬೇಕೇ, ಅಥವಾ ನೇರ ಆಂಜಿಯೋಪ್ಲಾಸ್ಟಿಗೆ ಕಳುಹಿಸಬೇಕೇ? ಇಸಿಜಿ ಯಂತ್ರ ಇದ್ದು, ತಂತ್ರಜ್ಞ ಸಂಜೆ ಆರಕ್ಕೆ ಮನೆಗೆ ಹೋಗುವ ಊರಿನಲ್ಲಿ ಆ ಹಣವನ್ನು ಇಂಜೆಕ್ಷನ್‌ಗೆ ಹಾಕುವುದೋ, ಇನ್ನೊಬ್ಬ ತಂತ್ರಜ್ಞರ ಸಂಬಳಕ್ಕೋ?

ಇವಕ್ಕೆ ಲಂಡನ್ನಿನ ಅಥವಾ ಬ್ಯಾಂಕಾಕ್‌ನ ವರದಿಯಲ್ಲಿ ಉತ್ತರವಿಲ್ಲ. ಸಿರುಗುಪ್ಪದಲ್ಲಿ, ಸುರಪುರದಲ್ಲಿ ರೋಗಿ ಎಷ್ಟು ಹೊತ್ತಿಗೆ ಬಂದ, ಎಷ್ಟು ಹೊತ್ತಿಗೆ ಇಂಜೆಕ್ಷನ್ ಬಿತ್ತು, ತಿಂಗಳ ನಂತರ ಬದುಕಿದ್ದಾನೆಯೇ ಎಂಬ ಮೂರು ಸಾಲಿನ ದಾಖಲೆಯಲ್ಲಿದೆ. ಆ ದಾಖಲೆಯನ್ನು ಆಸ್ಪತ್ರೆಗಳಿಂದ ತರಿಸಿಕೊಂಡು ಅಧ್ಯಯನ ಮಾಡಿಸುವುದಕ್ಕೆ ರಾಜ್ಯ ಸರ್ಕಾರ ದೆಹಲಿಯ ಮಸೂದೆಗೆ ಕಾಯಬೇಕಾಗಿಲ್ಲ. ಮುಂದಿನ ಖರೀದಿ ಟೆಂಡರ್‌ಗೆ ಮೊದಲು ಮಾಡಿದರೆ ಆಯಿತು.